ಹಳದಿ ಬಾವುಟದಡಿ ಬೆಂದುಹೋದ ಎಂಜಿನ್ನಿನ ವಿಚಾರ

ಕ್ರ್ಯಾಬ್ ಕ್ರೀಕ್ ರೇಸ್ ಟ್ರ್ಯಾಕಿನ ನಿರ್ದೇಶಕರಾದ ಮಾನ್ಯರೇ,

ತಾವು ಬೇಕಾಬಿಟ್ಟಿ ಎತ್ತುವ ಹಳದಿ ಬಾವುಟದಿಂದಾಗಿ ನನ್ನ ಗಂಡ ವೆಂಡೆಲ್ ರೇಸು ಬಿಟ್ಟು ಮನೆಯಲ್ಲಿ ಕೂತಿದ್ದಾನೆ. ದೂರು ಇಷ್ಟೇ, ಉಳಿದದ್ದೆಲ್ಲ ವಿವರಣೆ. ಕಚೇರಿಗೆ ಬಂದ ದೂರುಗಳನ್ನು ತಾವು ಹಾಟ್‌ಡಾಗ್ ತಿಂದ ಕೈ ಒರೆಸಲು ಬಳಸುತ್ತೀರೆಂದು ಕೇಳಿದ್ದೇನೆ. ಆದ್ದರಿಂದ ಈ ಪತ್ರವನ್ನು ನಮ್ಮ ಕೌಂಟಿಯ ವಾರಪತ್ರಿಕೆಗೇ ಕಳಿಸುತ್ತಿದ್ದೇನೆ. ಊರಿನವರೂ ಓದಲಿ.

ಬೇಯಿಸಿದ ಕಡಲೆಕಾಯಿ ತಿನ್ನಲಿಕ್ಕಷ್ಟೇ ಟ್ರ್ಯಾಕಿಗೆ ಬರುವವರೂ ಇದ್ದಾರೆ, ಅವರಿಗಾಗಿ ಒಂದು ಮಾತು. ಕಾರಿನ ಮೂತಿಯಲ್ಲಿ ಒಂದು ಜಾಲರಿ ಇರುತ್ತದೆ. ಅದರೊಳಗಿಂದ ಗಾಳಿ ನುಗ್ಗಿ ರೇಡಿಯೇಟರಿನ ನೀರನ್ನು ತಣ್ಣಗಿಡುತ್ತದೆ. ಆ ಜಾಲರಿಗೆ ಟೇಪು ಅಂಟಿಸಿದರೆ ಗಾಳಿ ಒಳಗೆ ಹೋಗದೆ ಮೂತಿಯ ಮೇಲೆ ಹಾದು ಕಾರನ್ನು ನೆಲಕ್ಕೆ ಒತ್ತುತ್ತದೆ, ಕಾರು ತಿರುವಿನಲ್ಲಿ ಜಾರದೆ ಓಡುತ್ತದೆ. ಟೇಪು ಹೆಚ್ಚಿದಷ್ಟೂ ವೇಗ ಹೆಚ್ಚು, ಎಂಜಿನ್ ಕುದಿಯುವ ಭಯವೂ ಹೆಚ್ಚು. ಎಷ್ಟು ಮುಚ್ಚಬೇಕು, ಎಷ್ಟು ಬಿಡಬೇಕು ಎನ್ನುವುದು ಅವರವರ ಬುದ್ಧಿಗೆ, ಅವರವರ ದುರಾಸೆಗೆ ಬಿಟ್ಟದ್ದು. ಮಾಡಿದ್ದುಣ್ಣೋ ಮಹರಾಯ. ಇದಕ್ಕಿಂತ ನ್ಯಾಯವಾದ ಆಟವನ್ನು ನಾನು ಚರ್ಚಿನಲ್ಲೂ ಕಂಡಿಲ್ಲ.

ಆದರೆ ತಾವು ಹಳದಿ ಬಾವುಟ ಎತ್ತಿದ ಕ್ಷಣ, ಉಣ್ಣಬೇಕಾದವನು ಕೈ ತೊಳೆದು ಎದ್ದುಬಿಡುತ್ತಾನೆ. ಎಲ್ಲ ಕಾರುಗಳೂ ಮುಂದಾಳು ಟ್ರಕ್ಕಿನ ಹಿಂದೆ ಸಾಲಾಗಿ ಮೆಲ್ಲಗೆ ಸುತ್ತಬೇಕು. ಹೊರೆ ಇಳಿದ ಎಂಜಿನ್ ಉಸಿರು ಬಿಡುತ್ತದೆ, ಬಿಸಿ ತೋರಿಸುವ ಮುಳ್ಳು ಕೆಳಗಿಳಿಯುತ್ತದೆ. ಇತ್ತ ಎಚ್ಚರದಿಂದ ಜಾಲರಿ ಬಿಟ್ಟುಕೊಂಡು, ಬೆವರು ಸುರಿಸಿ ಅರ್ಧ ಸುತ್ತು ಮುಂದೆ ಬಂದವನ ಮುನ್ನಡೆ ಒಂದೇ ಏಟಿಗೆ ಮಾಯ. ಕಲ್ಲುಕ್ವಾರಿ ಮಾಲೀಕರ ಮಗ ಕೋಲ್ಬಿ ಸ್ಟ್ರೌಪನ ಟೇಪು ಮೆತ್ತಿದ ಕಾರು ಹಬೆ ಬಿಡತೊಡಗಿದಾಗಲೆಲ್ಲ ಟ್ರ್ಯಾಕಿನ ಮೇಲೆ ತಮಗೆ ಕಸ ಕಾಣುತ್ತದೆ. ಮುಂದಾಳು ಟ್ರಕ್ಕು ಅದೇ ಕ್ವಾರಿಯವರು ಕೊಟ್ಟದ್ದು. ಈ ಎರಡಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಹೇಳುವವರನ್ನು ತಡೆಯುತ್ತಲೂ ಇಲ್ಲ.

ಹೋದ ಬೇಸಿಗೆಯಲ್ಲಿ ವೆಂಡೆಲ್ ತಮ್ಮ ಕೋಣೆಗೇ ಬಂದು ಕೇಳಿದ್ದು ನೆನಪಿರಬಹುದು.

"ಎಲ್ಲಿದೆ ಸ್ವಾಮಿ ಕಸ? ಒಂದ್ಸಲ ತೋರಿಸಿ, ಕಣ್ತುಂಬ ನೋಡಿ ಹೋಗ್ತೀನಿ."

"ಮೂರನೇ ತಿರುವಲ್ಲಿ ಇತ್ತಪ್ಪಾ, ಗಾಳಿಗೆ ಹಾರ್ಹೋಯ್ತು," ಎಂದಿರಿ ತಾವು.

ಅದಾದ ಮೇಲೆ ಜನರೂ ಗದ್ದಲ ಮಾಡಿದ್ದರಿಂದ ತಾವು ಹೊಸ ಪದ್ಧತಿ ತಂದಿರಿ. ಕಸ ಸಿಕ್ಕಿ, ಪೊರಕೆ ಹಿಡಿದ ತಮ್ಮ ಭಾವಮೈದ ಅದನ್ನು ಎತ್ತಿ ಜನರಿಗೆ ತೋರಿಸುವವರೆಗೆ ಹಸಿರು ಬಾವುಟ ಏಳುವಂತಿಲ್ಲ. ಗೆದ್ದೆವೆಂದು ವೆಂಡೆಲ್ ಆ ರಾತ್ರಿ ಎರಡು ತಟ್ಟೆ ಬಾರ್ಬೆಕ್ಯೂ ತಿಂದ. ಅದೇ ಪದ್ಧತಿ ತನ್ನನ್ನೇ ಬೇಯಿಸುತ್ತದೆಂದು ಪಾಪ ಅವನಿಗೇನು ಗೊತ್ತು?

ಅಕ್ಟೋಬರಿನ ಕೊನೆಯ ರೇಸಿನ ದಿನ ಬೆಳಿಗ್ಗೆ ಶೆಡ್ಡಿಗೆ ಹೋಗಿ ನೋಡಿದರೆ, ಜೀವಮಾನವಿಡೀ ಜಾಲರಿಯನ್ನು ಧಾರಾಳವಾಗಿ ತೆರೆದಿಟ್ಟ ನನ್ನ ಗಂಡ ಒಂದು ಸಣ್ಣ ಸೀಳು ಬಿಟ್ಟು ಉಳಿದದ್ದಕ್ಕೆಲ್ಲ ಟೇಪು ಹಚ್ಚುತ್ತಿದ್ದ.

"ಇದೇನು ವೆಂಡೆಲ್, ಮೂತಿಗೆಲ್ಲ ಬ್ಯಾಂಡೇಜ್ ಸುತ್ತಿದೀಯ?"

"ಸುಮ್ನಿರೇ ಓಪಲ್. ಮರ್ಯಾದಸ್ಥನಾಗಿ ಸೋತಿದ್ದು ಸಾಕು. ಹೇಗಿದ್ರೂ ನಡುವೆ ಹಳದಿ ಬಂದೇ ಬರುತ್ತೆ. ಆ ಹುಡುಗನ ಎಂಜಿನ್ ತಣ್ಣಗಾಗೋ ಹೊತ್ತಿಗೆ ನಂದೂ ಆಗುತ್ತೆ."

"ಬರದೇ ಇದ್ರೆ?"

"ಈ ಟ್ರ್ಯಾಕಲ್ಲಿ ಹಳದಿ ಬರದೇ ಇರೋದೂ ಒಂದೇ, ನಮ್ಮ ಪಾದ್ರಿ ಹೊತ್ತಿಗೆ ಸರಿಯಾಗಿ ಪ್ರವಚನ ಮುಗಿಸೋದೂ ಒಂದೇ."

ಮಾನ್ಯರೇ, ತಮ್ಮ ಬಾವುಟ ಮಾಡಿದ ನಿಜವಾದ ಅನ್ಯಾಯ ಇದು. ಕಳ್ಳನನ್ನು ಅದು ಉಳಿಸಿತು ಎಂಬುದನ್ನಾದರೂ ಸಹಿಸಬಹುದು. ಸಾಚಾ ಮನುಷ್ಯನಿಗೂ ತಾನೇ ದಡ್ಡನೇನೋ ಎನ್ನಿಸುವಂತೆ ಮಾಡಿತಲ್ಲ, ಅದಕ್ಕೆ ನನಗೆ ಹೊಟ್ಟೆ ಉರಿಯುತ್ತದೆ.

ರೇಸು ಶುರುವಾಯಿತು. ವೆಂಡೆಲ್ ಕಾರು ನೆಲಕ್ಕೆ ಅಂಟಿಕೊಂಡಂತೆ ಓಡಿ ಎಲ್ಲರನ್ನೂ ಹಿಂದೆ ಹಾಕಿತು. ಕೋಲ್ಬಿ ಅವತ್ತು ಜನರ ಬಾಯಿಗೆ ಹೆದರಿ ಜಾಲರಿಯನ್ನು ತೆರೆದಿಟ್ಟಿದ್ದನಂತೆ, ಅವನ ಕಾರಿನಿಂದ ಹಬೆಯ ಸುಳಿವೇ ಇಲ್ಲ. ಹಾಗಾಗಿ ತಮಗೆ ಕಸವೂ ಕಾಣಲಿಲ್ಲ. ಯಾರದೋ ಬಂಪರಿನ ತುಂಡು ಎರಡನೇ ತಿರುವಿನಲ್ಲಿ ಬಿದ್ದು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ತಾವು ಮೋಡ ನೋಡುತ್ತಿದ್ದಿರಿ, ಕೊನೆಗೆ ಯಾರದೋ ಚಕ್ರ ಅದನ್ನು ಬೇಲಿಯಾಚೆ ಎಗರಿಸಿತು. ಪ್ರೇಕ್ಷಕರ ಗ್ಯಾಲರಿಯ ಮೇಲಿನ ಮೆಟ್ಟಿಲಲ್ಲಿ ನಿಂತು ರೇಡಿಯೊದಲ್ಲಿ ವೆಂಡೆಲ್‌ಗೆ ದಾರಿ ಹೇಳುವುದು ನನ್ನ ಕೆಲಸ.

"ಓಪಲ್, ಮುಳ್ಳು ಕೆಂಪು ಮುಟ್ತಾ ಇದೆ. ಹಳದಿ ಎಲ್ಲೇ?"

"ನನ್ನ ಕೈಚೀಲದಲ್ಲಿ ಇಟ್ಕೊಂಡಿದೀನಾ?"

ಈ ಮಾತನ್ನು ಇನ್ನೊಬ್ಬರೂ ಕೇಳುತ್ತಿದ್ದರು. ನನ್ನ ಅತ್ತೆ ಇಮೊಜೀನ್, ಎಂಬತ್ತು ದಾಟಿದವರು, ಕೆಳಗೆ ಬೇಲಿಯ ಪಕ್ಕ ಚರ್ಚಿನ ದಿಂಬು ಹಾಕಿಕೊಂಡು, ಕಿವಿಗೆ ರೇಡಿಯೊ ಸಿಕ್ಕಿಸಿ, ಕೋಸಿನ ಪಲ್ಯ ಹಾಕಿದ ಹಾಟ್‌ಡಾಗ್ ತಿನ್ನುತ್ತ ಕೂತಿದ್ದರು. ಮಗ ಬೇಯುತ್ತಿದ್ದಾನೆಂದು ಕೇಳಿದ್ದೇ ತಡ, ಉಳಿದ ತುಂಡನ್ನು ಬಾಯಿಗಿಟ್ಟು, ಸುತ್ತಿದ್ದ ಮೇಣದ ಕಾಗದವನ್ನು ಬೇಲಿಯ ಮೇಲಿಂದ ಟ್ರ್ಯಾಕಿಗೆ ತೂರಿಬಿಟ್ಟರು. ಕಾಗದ ಗಾಳಿಗೆ ಮೇಲೆದ್ದು ಸುಳಿಯಿತು. ನಿಜವಾದ ಕಸವನ್ನು ಕಂಡು ತಮಗೂ ಸಂತೋಷವಾಗಿರಬೇಕು, ಹಳದಿ ಎದ್ದಿತು.

"ಬಂತು ಕಣೇ," ಎಂದ ವೆಂಡೆಲ್. "ದೇವ್ರು ದೊಡ್ಡೋನು." ಒಂದು ಸುತ್ತು ಕಳೆಯಿತು. "ಆದ್ರೆ ಮುಳ್ಳು ಇಳೀತಾ ಇಲ್ವಲ್ಲೇ?"

ಅವನು ನನ್ನೆದುರು ಹಾದುಹೋದಾಗ ಕಾರಣ ಕಂಡಿತು.

"ವೆಂಡೆಲ್, ನಿನ್ನ ಮೂತಿ ಮೇಲೆ ಕಾಗದ ಅಂಟಿದೆ. ನೀನು ಬಿಟ್ಟಿದ್ದ ಸೀಳೂ ಮುಚ್ಚಿಹೋಗಿದೆ."

"ಯಾರ್ದು ಕಾಗದ?"

"ನಿಮ್ಮಮ್ಮಂದು."

ಅವನು ಇನ್ನೊಂದು ಸುತ್ತು ಮುಗಿಸಿ ನನ್ನೆದುರು ಬಂದ.

"ಪಿಟ್ಟಿಗೆ ಬಾರೋ, ರಿಪೇರಿ ಹುಡುಗರು ಕಿತ್ತು ಬಿಸಾಡ್ತಾರೆ," ಎಂದೆ.

"ಬಂದ್ರೆ ಸಾಲಿನ ಬಾಲಕ್ಕೆ ಹೋಗ್ಬೇಕು. ಆ ನಿರ್ದೇಶಕರ ನಿಯಮ. ಬರಲ್ಲ."

ತಮ್ಮ ಭಾವಮೈದ ಪೊರಕೆ ಹಿಡಿದು ಟ್ರ್ಯಾಕಿನ ಮೂಲೆ ಮೂಲೆ ಹುಡುಕುತ್ತಿದ್ದ. ಹುಡುಕುತ್ತಿದ್ದ ವಸ್ತು ಸುತ್ತು ಸುತ್ತಿಗೂ ಅವನ ಮುಂದೆಯೇ, ಮೊದಲ ಕಾರಿನ ಮೂತಿಯ ಮೇಲೆ, ಮೆರವಣಿಗೆ ಹೋಗುತ್ತಿತ್ತು. ಅತ್ತೆ ಬೇಲಿ ಹಿಡಿದು ಕೂಗುತ್ತಿದ್ದರು: "ಅಲ್ಲಿಲ್ಲ ಕಣಯ್ಯಾ ಅದು, ನನ್ನ ಮಗನ ಮೂತಿ ಮೇಲಿದೆ, ಕಣ್ಣು ಬಿಟ್ಟು ನೋಡು." ಅಷ್ಟು ಎಂಜಿನ್ನುಗಳ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಕಸ ಸಿಗದೆ ಹಸಿರಿಲ್ಲ. ಕಸ ಬೀಳದೆ ಗಾಳಿಯಿಲ್ಲ. ವೆಂಡೆಲ್ ಕ್ವಾರಿ ಟ್ರಕ್ಕಿನ ಬಿಸಿ ಹೊಗೆ ಕುಡಿಯುತ್ತ ಸುತ್ತು ಹಾಕುತ್ತಲೇ ಇದ್ದ. ಹಳದಿ ಬಾವುಟದಡಿ ಊರಿನವರ ಎಂಜಿನ್ನುಗಳೆಲ್ಲ ತಣ್ಣಗಾದವು, ನಮ್ಮದೊಂದು ಕುದಿಯಿತು. ಕೊನೆಗೆ ಬುಸ್ಸೆಂದು ಬಿಳಿ ಹಬೆ ಎದ್ದು ಕಾರು ನಿಂತುಬಿಟ್ಟಿತು. ಮೂತಿಯಿಂದ ಸುರಿದ ನೀರಿನೊಂದಿಗೆ ಕಾಗದವೂ ಜಾರಿ ಕೆಳಗೆ ಬಿತ್ತು. ತಮ್ಮ ಭಾವಮೈದ ಓಡಿಬಂದು ಅದನ್ನು ಎತ್ತಿ ಹಿಡಿದ. ಜನ ಚಪ್ಪಾಳೆ ತಟ್ಟಿದರು. ಕೋಲ್ಬಿ ಗೆದ್ದ.

ರೇಸು ಮುಗಿದ ಮೇಲೆ ಅತ್ತೆ ಯಾರೂ ಕರೆಯದೆಯೇ ತಮ್ಮ ಕೋಣೆಗೆ ಬಂದು, "ಎಸೆದೋಳು ನಾನೇ ಕಣಪ್ಪ. ಮಗ ಬೇಯ್ತಾ ಇದ್ದ. ನಿನ್ನ ತಾಯಿ ಆಗಿದ್ರೆ ಸುಮ್ನೆ ಕೂರ್ತಿದ್ಲಾ?" ಎಂದರು. ತಾವು ಅವರಿಗೆ ಒಂದು ವರ್ಷ ಟ್ರ್ಯಾಕಿಗೆ ಕಾಲಿಡದಂತೆ ನಿಷೇಧ ಹೇರಿದಿರಿ. ಒಂದು ಪ್ರಶ್ನೆ ಕೇಳುತ್ತೇನೆ. ತಾಯಿಯೊಬ್ಬಳು ತನ್ನ ಮಗನಿಗಾಗಿ ಕಾಗದ ಎಸೆದು ಹಳದಿ ತರಿಸಿದರೆ ಅದು ಅಪರಾಧ. ಅಧಿಕಾರಿಯೊಬ್ಬರು ಇನ್ನೊಬ್ಬರ ಮಗನಿಗಾಗಿ ಕಾಗದವೇ ಇಲ್ಲದೆ ಹಳದಿ ತಂದರೆ ಅದು ಸುರಕ್ಷತೆ. ಇದು ಯಾವ ಊರಿನ ನ್ಯಾಯ?

ಯಾರಾದರೂ ಗೋಡೆಗೆ ಗುದ್ದಿದರೆ ತಾವು ಬಾವುಟ ಎತ್ತಲೇಬೇಕು. ಆ ಕಾರುಗಳಲ್ಲೊಂದರಲ್ಲಿ ನನ್ನ ಗಂಡ ಇರುತ್ತಿದ್ದ, ಹಳದಿಯ ಬೆಲೆ ನನಗೆ ಯಾರೂ ಕಲಿಸಬೇಕಿಲ್ಲ. ಬೆಲೆ ಇರುವುದರಿಂದಲೇ ಅದನ್ನು ಕೈವಸ್ತ್ರದ ಹಾಗೆ ಬೀಸಬೇಡಿ ಎನ್ನುತ್ತಿದ್ದೇನೆ.

ಚಳಿಗಾಲದಲ್ಲಿ ಎಂಜಿನ್ ರಿಪೇರಿಯಾಯಿತು, ವೆಂಡೆಲ್ ಆಗಲಿಲ್ಲ. ಇನ್ನು ಆ ಟ್ರ್ಯಾಕಿಗೆ ಬರುವುದಿಲ್ಲ ಎಂದು ಶಪಥ ಮಾಡಿ ಕೂತಿದ್ದಾನೆ. ಅವನು ರೇಸು ಬಿಡಲಿ ಎಂದು ಎಷ್ಟು ವರ್ಷ ಪ್ರಾರ್ಥಿಸಿದ್ದೆನೋ ದೇವರಿಗೇ ಗೊತ್ತು. ಈಗ ಪ್ರಾರ್ಥನೆಗಳ ವಿಚಾರದಲ್ಲಿ ಬಹಳ ಹುಷಾರಾಗಿದ್ದೇನೆ. ಶನಿವಾರ ಬಂತೆಂದರೆ ಅವನು ಅಡುಗೆಮನೆಯಲ್ಲಿ ನಿಂತು ನನ್ನ ಗ್ರಿಟ್ಸ್ ಗಂಜಿಯ ಬಿಸಿ ಅಳೆಯುತ್ತಾನೆ, ಫ್ರಿಜ್ಜಿಗೆ ಗಾಳಿ ಸಾಲದೆಂದು ಗೋಡೆಯಿಂದ ಎಳೆಯುತ್ತಾನೆ. ನಿಷೇಧಕ್ಕೊಳಗಾದ ಅತ್ತೆಯೂ ಶನಿವಾರಗಳನ್ನು ನಮ್ಮಲ್ಲೇ ಕಳೆಯುತ್ತಾರೆ. ಸಂಜೆ ಗುಡ್ಡದಾಚೆಯಿಂದ ಎಂಜಿನ್ನುಗಳ ಸದ್ದು ಬಂದಾಗ ತಾಯಿ ಮಗ ವರಾಂಡದಲ್ಲಿ ಸಿಹಿ ಚಹಾ ಹಿಡಿದು ಕೂರುತ್ತಾರೆ. ಸದ್ದು ಇಳಿದರೆ ವೆಂಡೆಲ್ "ಹಳದಿ" ಎನ್ನುತ್ತಾನೆ.

"ಯಾಕಂತೆ?" ಎನ್ನುತ್ತಾರೆ ಅತ್ತೆ.

"ಕಸ."

ಹೋದ ಶನಿವಾರ ವರಾಂಡದಲ್ಲಿ ಅತ್ತೆ ಒಬ್ಬರೇ ಇದ್ದರು. ವೆಂಡೆಲ್ ಶೆಡ್ಡಿನಲ್ಲಿ ಕಾರಿನ ಮುಂದೆ ಮಂಡಿಯೂರಿ, ಒಣಗಿದ ಹಳೆಯ ಟೇಪನ್ನು ಉಗುರಿನಿಂದ ಒಂದೊಂದೇ ಪಟ್ಟಿಯಾಗಿ ಕೀಳುತ್ತಿದ್ದ.

"ಏನ್ ಮಾಡ್ತಿದೀಯೋ?" ಎಂದೆ.

"ಏನಿಲ್ಲ. ಒಳಗೆ ಒಂಚೂರು ಗಾಳಿ ಆಡ್ಲಿ ಅಂತ."

ನನಗೆ ಅಲ್ಲೇ ಅಳು ಬಂತು.

ಆದ್ದರಿಂದ ನನ್ನ ಬೇಡಿಕೆ ಇದು. ಕಸವನ್ನು ಕಣ್ಣಾರೆ ಕಂಡ ಮೇಲಷ್ಟೇ ಹಳದಿ ಎತ್ತಿ. ಹಳದಿ ಇರುವಷ್ಟು ಹೊತ್ತು ಯಾವ ಕಾರಾದರೂ ಪಿಟ್ಟಿನಲ್ಲಿ ಮೂತಿ ಒರೆಸಿಕೊಂಡು ತನ್ನ ಜಾಗಕ್ಕೇ ಮರಳಲು ಬಿಡಿ, ಆದರೆ ಟೇಪು ಮುಟ್ಟುವಂತಿಲ್ಲ. ಅದರ ಫಲ ಅವರವರೇ ಉಣ್ಣಲಿ. ಅತ್ತೆಯ ದಿಂಬಿಗೆ ಬೇಲಿಯ ಪಕ್ಕ ಮತ್ತೆ ಜಾಗ ಕೊಡಿ, ಹಾಟ್‌ಡಾಗನ್ನು ಕಾಗದವಿಲ್ಲದೆ ಕೊಟ್ಟರಾಯಿತು. ಇಷ್ಟನ್ನೂ ತಾವೇ ನಮ್ಮ ಮನೆಗೆ ಬಂದು ವೆಂಡೆಲ್‌ಗೆ ಹೇಳಬೇಕು. ನಾನು ಕರೆದರೆ ಬರುವುದಿಲ್ಲ, ನಾನು ಹೆಂಡತಿ. ತಾವು ಒಂದು ಸಲ "ಬಾರಯ್ಯ" ಎಂದರೆ ಸಾಕು. ಕಾರಿನ ಮೂತಿ ಪೂರ್ತಿ ತೆರೆದಿದೆ, ನಾನೇ ನೋಡಿದ್ದೇನೆ.

ಇಂತಿ,
ಶನಿವಾರದ ಗಂಡನನ್ನೂ ಅತ್ತೆಯನ್ನೂ ತಮಗೇ ಒಪ್ಪಿಸಲು ಚಹಾ ಕಾಯಿಸಿಟ್ಟು ಕಾದಿರುವ
ಓಪಲ್ ಹಫ್‌ಸ್ಟೆಟ್ಲರ್