ನೀರಿನಲ್ಲಿ ಇಲ್ಲದ ಸೀಸ

ಜೂನ್ 7, ಬೆಳಿಗ್ಗೆ 10
ಹೊಂಡದ ನೀರು ಮತ್ತೆ ಸೋಸಿದೆ. ಸೀಸ ಮತ್ತೆ ಕಡಿಮೆ! ಜಾಲಹಳ್ಳಿಯ ಹುಲಗಪ್ಪನ ಮೀನಿನ ಹೊಂಡ — ಮೇಲಿನ ಹೊಲದಲ್ಲಿ ಯಾರೋ ಹಳೇ ಬ್ಯಾಟರಿ ಒಡೆದು, ಸೀಸ ಎಲ್ಲಾ ಇಳಿದು ಬಂದಿತ್ತು. ನಾವು ಹೊಂಡಕ್ಕೆ ಬೆರೆಸಿದ ನ್ಯಾನೋ ಪುಡಿ ಅದರ ಮುಕ್ಕಾಲು ಪಾಲು ಹಿಡಿದುಕೊಂಡಿದೆ. ನನ್ನ ಗೈಡ್ ಶೇಷಗಿರಿ ಸರ್ ರಾಯಚೂರಿನ ಈ ಲ್ಯಾಬಿನಲ್ಲಿ ಮೊದಲ ಸಲ ನಕ್ಕರು. "ಪೇಪರ್ ಬರಿ, ಮಹತಿ."
ಹುಲಗಪ್ಪನಿಗೆ ನಾನೇ ಫೋನ್ ಮಾಡಿದೆ. "ನೀರು ಸ್ವಚ್ಛ ಆಗ್ಯಾದ್ರಿ. ಇನ್ನ ಚಿಂತಿ ಬ್ಯಾಡ."

ಜೂನ್ 14
ಜಾಲಹಳ್ಳಿಗೆ ಹೋಗಿದ್ದೆ, ಕೊನೆಯ ಸ್ಯಾಂಪಲ್ಲಿಗೆ. ಹುಲಗಪ್ಪ ಎರಡು ಕಾಟ್ಲಾ ಮೀನು ತಂದು ಮುಂದೆ ಹಿಡಿದ.
"ನಾವು ತಿನ್ನಂಗಿಲ್ರಿ," ಅಂದೆ.
"ನೀವು ಫೋನ್ ಮಾಡಿದಾಗಿಂದ ನಾವು ಮತ್ತ ತಿನ್ನಾಕತ್ತೀವ್ರಿ. ಮೊಮ್ಮಗಳು ರಾಧಾಗ ಮೀನಿಲ್ಲಂದ್ರ ಊಟಾನ ಬ್ಯಾಡ."
"ನಾ ನೀರು ಅಷ್ಟ ನೋಡೀನ್ರಿ..."
"ಹೊಂಡದ ನೀರು ಯಾರು ಕುಡೀತಾರ್ರಿ, ಯವ್ವಾ?" ನಕ್ಕುಬಿಟ್ಟ.
ಮೀನು ಇಸಕೊಂಡೆ. ಐಸ್ ಡಬ್ಬಿಗೆ ಹಾಕಿದೆ. ನನ್ನ ಮನಸ್ಸು ಬದಲಾಯಿತು ಅಂದುಕೊಂಡ, ಪಾಪ. ದೇವದುರ್ಗ ದಾಟುವವರೆಗೂ ಅದೇ ಮಾತು ಕಿವಿಯಲ್ಲಿ.

ಜೂನ್ 15
ಮಾನ್ವಿಯ ನಮ್ಮ ಮನೆಯಲ್ಲಿ ಮೀನಿನ ಹೆಸರೂ ಎತ್ತುವಂತಿಲ್ಲ. ಅವ್ವ ಮಡಿನೀರು ತರುವುದನ್ನು ನೋಡುತ್ತ ಬೆಳೆದವಳು ನಾನು. ಸ್ವಚ್ಛ ಎಂದರೆ ನನಗೆ ನೀರು. ಮೂರು ವರ್ಷ ನೀರನ್ನೇ ಸೋಸಿದೆ. ಸೀಸ ಹೊತ್ತ ಪುಡಿ ಸೋಸುವ ಕಾಗದದ ಮೇಲೆ ಉಳಿಯುತ್ತಿತ್ತು, ಕಸಕ್ಕೆ ಎಸೆಯುತ್ತಿದ್ದೆ. ಹೊಂಡದಲ್ಲಿ ಕಾಗದ ಎಲ್ಲಿದೆ? ಅಲ್ಲಿ ಆ ಪುಡಿಯನ್ನು ಮೀನು ನುಂಗುತ್ತದೆ.
ಹುಲಗಪ್ಪನಿಗೆ ಫೋನ್ ಮಾಡಲೇ? ಮೀನನ್ನು ತಪಾಸಣೆಗೆ ಕೊಟ್ಟಿದ್ದೇನೆ, ರಿಪೋರ್ಟ್ ಬರಲಿ...

ಜೂನ್ 23
ಬಂತು. ಪುಡಿ ಹಾಕುವ ಮುಂಚೆ ಮೀನುಗಾರಿಕೆ ಇಲಾಖೆಯವರು ಅಳೆದಿದ್ದ ಮೀನಿಗಿಂತ ನಾಲ್ಕು ಪಟ್ಟು ಸೀಸ. ಕಿವಿರಿನಲ್ಲಿ, ಮಾಂಸದಲ್ಲಿ.
ಸರ್ ರಿಪೋರ್ಟ್ ಓದಿ ನನ್ನ ಕೈಗೇ ವಾಪಸ್ ಕೊಟ್ಟರು. "ಇನ್ನೊಂದ್ ಸಲ ಮಾಡು. ಅಲ್ಲೀತನಕ ಯಾರಿಗೂ ಹೇಳಬ್ಯಾಡ."
ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಎಂಟು ದಿನ ಆ ಮಗು ತಿಂದಿದೆ. ನನ್ನ ಬಗ್ಗೆ ನನಗೇ ಹೇಸಿಗೆ.

ಜೂನ್ 24, ಮಧ್ಯಾಹ್ನ 2. ಜಾಲಹಳ್ಳಿ ಬಸ್ ಸ್ಟ್ಯಾಂಡ್
ಊಟದ ಹೊತ್ತಿಗೆ ಅವರ ಮನೆ ಮುಟ್ಟಿದೆ. ರಾಧಾಳ ತಟ್ಟೆ ಕಸಿದುಕೊಂಡೆ. ಅತ್ತಳು. ಎಲ್ಲಾ ಹೇಳಿದೆ — ಪುಡಿ, ಮೀನು, ಮಗುವಿಗೆ ಮಾಡಿಸಬೇಕಾದ ರಕ್ತ ತಪಾಸಣೆ. ಹುಲಗಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಒಂದೇ ಕೇಳಿದ.
"ನಿಮಗ ಯಾವಾಗ ಗೊತ್ತಾತ್ರಿ, ಯವ್ವಾ?"
"ನಿನ್ನಿ," ಅಂದೆ.
ರಿಪೋರ್ಟಿನ ಮೇಲೂ ನಿನ್ನೆಯ ತಾರೀಖೇ ಇದೆ.
ರಾಯಚೂರು ಬಸ್ ಬಂತು. ಹತ್ತಲಿಲ್ಲ. ಹೋಯಿತು. ಮತ್ತೆ ಅವರ ಮನೆಗೆ ಹೋಗುತ್ತೇನೆ. ನಿನ್ನೆ ಅಲ್ಲ, ಹದಿನೈದನೇ ತಾರೀಖಿನಿಂದಲೇ ನನಗೆ ಅನುಮಾನ ಇತ್ತು ಅಂತ ಹೇಳುತ್ತೇನೆ.