ಹತ್ತಿದ್ದನ್ನ ಯಾಕ ಆರಸೂಣು

ಗೊಳಸಂಗಿ,
ಸೋಮವಾರ, ೧೨ ಜನವರಿ ೨೦೨೬

ಫೋನ್ ಎತ್ತದ, ಮೇಲ್ ತೆರೆಯದ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಗೆಳತಿ ಮುಕ್ತಾಳಿಗೆ ಸುರೇಖಾಳ ನಮಸ್ಕಾರ.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಸುದ್ದಿ ಕೇಳು: ನೀನು ಗೆದ್ದೆ. ನಿನ್ನೆ ಇಂಡಿಯ ಸಭೆಯಲ್ಲಿ ನಮ್ಮ ‘ಡೋಣಿ’ಗೆ ನಿನ್ನ ಸಿಸ್ಟಮ್‌ಡಿಯೇ ಇರಲಿ ಎಂದು ಹನ್ನೊಂದು ಕೈ ಎದ್ದವು. ನನ್ನ ರನಿಟ್‌ಗೆ ಆರು. ಸೋತವಳು ಇಷ್ಟು ಖುಷಿಯಿಂದ ಪತ್ರ ಬರೆಯುವುದನ್ನು ನೀನು ಎಲ್ಲೂ ಕಂಡಿರಲಿಕ್ಕಿಲ್ಲ. ಅಂಚೆಯವನು ಬಾಗಿಲಿಗೆ ತಂದುಕೊಟ್ಟರೆ ನೀನು ಬೇಡ ಅನ್ನಲಾರೆ ಎಂದು ಕಾಗದ ಹಿಡಿದಿದ್ದೇನೆ.

ನಾನು ಬರೆಯುವುದನ್ನು ನೋಡಿ ನಮ್ಮವ್ವ ರೇವವ್ವ, ಮುಕ್ತಾ ಯಾವ ಇಲೆಕ್ಷನ್ ಗೆದ್ದಳು ಎಂದು ಕೇಳಿದಳು. ನಾಲ್ಕು ತಾಲೂಕಿನ ವಾಚನಾಲಯಗಳ ಹಳೆಯ ಕಂಪ್ಯೂಟರುಗಳಿಗೆಂದು ನಾವು ಹದಿನೆಂಟು ಮಂದಿ ಸೇರಿ ‘ಡೋಣಿ’ ಎಂಬ ಒಂದು ಲಿನಕ್ಸ್, ಅಂದರೆ ಕಂಪ್ಯೂಟರ್ ನಡೆಸುವ ತಂತ್ರಾಂಶ, ಕಟ್ಟಿದ್ದೇವೆ, ಗುಂಡಿ ಒತ್ತಿದಾಗ ಅದರೊಳಗೆ ಮೊದಲು ಎದ್ದು ಉಳಿದವರನ್ನೆಲ್ಲ ಎಬ್ಬಿಸುವುದೊಂದು ಇರುತ್ತದೆ, ಅದಕ್ಕೆ ಇನಿಟ್ ಎನ್ನುತ್ತಾರೆ, ಅದು ಮುಕ್ತಾಳ ಸಿಸ್ಟಮ್‌ಡಿಯಂತೆ ದೊಡ್ಡದಿರಬೇಕೋ ನನ್ನ ರನಿಟ್‌ನಂತೆ ಸಣ್ಣದಿರಬೇಕೋ ಎಂದು ನಮ್ಮ ಜಗಳ ಎಂದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಮೊದಲ ಏಳಾಕಿ ಸಣ್ಣಾಕಿದ್ರೇನು, ದೊಡ್ಡಾಕಿದ್ರೇನು, ಒಲಿ ಹೊತ್ತಿದ್ರ ಸಾಕಲ್ಲ? ಇದಕ್ಕ ಎಂಟ ತಿಂಗಳ ಮಾತ ಬಿಟ್ಟೀರೇನು?” ಅಂದಳು.

ಆ ಮೇ ತಿಂಗಳನ್ನು ನೀನೂ ಮರೆತಿಲ್ಲ, ನಾನೂ ಮರೆತಿಲ್ಲ. ಇಂಡಿ, ಮುದ್ದೇಬಿಹಾಳದ ವಾಚನಾಲಯಗಳಿಗೆ ನಿನ್ನ ಆವೃತ್ತಿ ಹಾಕಿ ನೋಡಿದೆವು, ಸಿಂದಗಿ, ಬಾಗೇವಾಡಿಗೆ ನನ್ನದು. ವಾರದೊಳಗೆ ನಿನ್ನ ಕಡೆಯ ವಾಚನಾಲಯಗಳಿಂದ ಬಂದ ಫೋನುಗಳಲ್ಲೆಲ್ಲ ಒಂದೇ ಮಾತು: ಮಷೀನು ಏಳವಲ್ಲದು. ನನ್ನ ಕಡೆಯಿಂದ ಒಂದು ದೂರೂ ಇಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಸಿಂದಗಿಯ ಸಭೆಯಲ್ಲಿ ಎದ್ದು ನಿಂತು, ಸಿಸ್ಟಮ್‌ಡಿ ಹಳೇ ಮಷೀನಿನ ಬೆನ್ನು ಮುರಿಯಿತು, ಮುಕ್ತಾಳ ಎರಡು ವರ್ಷದ ಕೆಲಸ ನೀರಾಗ ಹೋಯಿತು ಎಂದೆ. ನೀನು ಹೇಳಿದ್ದು ಒಂದೇ ಮಾತು: “ಮಷೀನ್ ಎದ್ದೈತಿ ಸುರೇಖಾ, ಏನೋ ಕಾಯಾಕತ್ತೈತಿ.” ನಾನು ನಕ್ಕೆ. ಎಲ್ಲರೂ ನಕ್ಕರು. ನೀನು ಚೀಲ ತಗೊಂಡು ಚಡಚಣದ ಬಸ್ಸು ಹತ್ತಿದೆ. ನಿನ್ನೆ ರನಿಟ್ ಗೆದ್ದಿದ್ದರೆ ನಿನ್ನ ಕೆಲಸವನ್ನೆಲ್ಲ ಡೋಣಿಯಿಂದ ತೆಗೆದುಹಾಕುವುದೆಂದು ಠರಾವಾಗಿತ್ತು. ನೀನಂತೂ ಮತ್ತೆ ಈ ಕಡೆ ಮುಖ ಹಾಕುತ್ತಿರಲಿಲ್ಲ.

ನಾನು ಗೆಲ್ಲುವುದು ಖರೆ ಎಂದು ಎರಡು ಕಿಲೋ ಪೇಡೆ ಕಟ್ಟಿಸಿಕೊಂಡೇ ಇಂಡಿಗೆ ಹೋಗಿದ್ದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಚಾಳಿ ನನಗೆ ಮೊದಲಿಂದಲೂ ಇದೆ, ನಿನಗೆ ಗೊತ್ತು. ಆದರೆ ನಮ್ಮ ಅಧ್ಯಕ್ಷರಾದ ಪಂಢರಿನಾಥ ಸರ್ ಹಳೆಯ ಗಣಿತದ ಮಾಸ್ತರರಲ್ಲವೇ, ವಾದ ಸಾಕು, ದಿನಾ ಬಳಸುವವರು ಕೂತು ತೋರಿಸಲಿ ಎಂದರು. ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯಲ್ಲಿ ವಾಚನಾಲಯ ನೋಡಿಕೊಳ್ಳುವ ಭಾಗ್ಯಾ, ನಿನ್ನ ಆವೃತ್ತಿಯಿದ್ದ ತನ್ನ ಕಂಪ್ಯೂಟರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಕರೆಂಟು ಹೋದಂತೆ ಪ್ಲಗ್ ಕಿತ್ತು ಮತ್ತೆ ಹಾಕಿದೆವು. ಭಾಗ್ಯಾ ಗುಂಡಿ ಒತ್ತಿದಳು. ಪರದೆಯ ಮೇಲೆ ಡೋಣಿಯ ಹೆಸರು ಬಂತು, ಅದರ ಕೆಳಗೆ, ಮುಂದೆ ಹೋಗಲು ಒತ್ತಬೇಕಾದ ‘ಆರಿಸು’ ಎಂಬ ಚೌಕ ಬಂತು. ಭಾಗ್ಯಾ ಕೈಕಟ್ಟಿ ಕುಳಿತಳು. ಐದು ನಿಮಿಷ, ಹತ್ತು ನಿಮಿಷ. ನೋಡ್ರಿ, ಮಲಗಿತು ಎಂದು ನಾನು ಪಕ್ಕದವರಿಗೆ ಪಿಸುಗುಟ್ಟಿದೆ.

ಪಂಢರಿನಾಥ ಸರ್ ಅವಳನ್ನು, ಯಾಕವಾ ಒತ್ತವಲ್ಲಿ ಎಂದು ಕೇಳಿದರು. ಅವಳು ಅವರನ್ನೇ ಹುಚ್ಚರನ್ನು ನೋಡಿದಂತೆ ನೋಡಿ, “ಅಲ್ರೀ ಸರ, ಈಗರ ಹತ್ತೈತಿ. ಹತ್ತಿದ್ದನ್ನ ಮತ್ತ ಯಾಕ ಆರಸೂಣು?” ಅಂದಳು.

ಮುಕ್ತಾ, ಆ ಕೋಣೆಯಲ್ಲಿ ಹದಿನೇಳು ಮಂದಿ ಕಂಪ್ಯೂಟರ್ ಬಲ್ಲವರಿದ್ದೆವು. ಒಬ್ಬರಿಗೂ ಇದು ಹೊಳೆದಿರಲಿಲ್ಲ. ಪುಸ್ತಕದಲ್ಲಿ ಆರಿಸುವುದೆಂದರೆ ಬೇಕಾದ್ದನ್ನು ತೆಗೆದುಕೊಳ್ಳುವುದು. ಅಡುಗೆಮನೆಯಲ್ಲಿ ಆರಿಸುವುದೆಂದರೆ ಒಲೆ ನಂದಿಸುವುದು. ಪಾಪ, ತಾನೇ ಮುಂದೆ ಹೋದೀತೆಂದು ಕಾದು ಕಾದು, ಕಡೆಗೆ ಏಳವಲ್ಲದು ಎಂದು ಎಲ್ಲರೂ ಫೋನ್ ಮಾಡಿದ್ದರು. ನನ್ನ ಆವೃತ್ತಿಯಲ್ಲಿ ಸೋಮಾರಿತನದಿಂದ ಇಂಗ್ಲಿಷಿನ ಓಕೆಯನ್ನೇ ಬಿಟ್ಟಿದ್ದೆ. ಓಕೆಯನ್ನು ಎಲ್ಲರೂ ಒತ್ತುತ್ತಾರೆ.

ಹಾಗಾದರೆ ಏನಂತ ಬರೆಯೋಣ ಎಂದರೆ ಭಾಗ್ಯಾ, “ಹೂಂ ಅಂತ ಬರೀರಿ, ಎಲ್ಲಾರೂ ಒತ್ತತಾರ” ಅಂದಳು. ಅಲ್ಲೇ ಬದಲಿಸಿದೆವು. ಅವಳು ಹೂಂ ಒತ್ತಿದಳು. ಮೂವತ್ತನಾಲ್ಕು ಸೆಕೆಂಡಿಗೆ ನಿನ್ನ ಸಿಸ್ಟಮ್‌ಡಿ ಮನೆಮಂದಿಯನ್ನೆಲ್ಲ ಎಬ್ಬಿಸಿ ನಿಲ್ಲಿಸಿತು. ಚಪ್ಪಾಳೆಯ ಸದ್ದಿಗೆ ರಸ್ತೆಯ ಮಂದಿ ಒಳಗೆ ಇಣುಕಿ ನೋಡಿದರು.

ಆ ಪದ ಹಾಕಿದ್ದು ಯಾರೆಂಬ ಮಾತು ಬಂತು. ಬದಲಾವಣೆಗಳ ದಾಖಲೆಯಲ್ಲಿ ನಿನ್ನ ಹೆಸರಿತ್ತು. ಮುಕ್ತಾಬಾಯಿಯ ಮನೆಮಾತು ಮರಾಠಿ, ಕನ್ನಡ ಅಲ್ಲೊಂದು ಇಲ್ಲೊಂದು ಕೈಕೊಡುತ್ತದೆ ಎಂದು ಸರ್ ನಕ್ಕರು. ನನಗೆ ಬಾಯಾರಿತ್ತು, ನೀರು ಕುಡಿಯಲು ಹೊರಗೆ ಹೋದೆ.

ಒಳಗೆ ಬಂದವಳು ಎದ್ದು ನಿಂತೆ. ಮಷೀನು ಎದ್ದಿತ್ತು, ಕಾಯುತ್ತಿತ್ತು, ಮುಕ್ತಾ ಹೇಳಿದ್ದೇ ಖರೆ, ನಾನು ಸಿಂದಗಿಯಲ್ಲಿ ಹೇಳಿದ್ದು ಸುಳ್ಳು ಎಂದೆ. ಆಮೇಲೆಯೇ ಮತಕ್ಕೆ ಹಾಕಿದರು. ತೊಂದರೆ ಬಂದರೆ ನೋಡಿಕೊಳ್ಳಲು ನೀನು ಬರೆದಿಟ್ಟ ನಲವತ್ತು ಪುಟದ ಟಿಪ್ಪಣಿ ಇದೆ, ಜಗತ್ತೆಲ್ಲ ಬಳಸುವುದರಿಂದ ಕೇಳಿದಲ್ಲಿ ಸಹಾಯವಿದೆ ಎಂದು ಹನ್ನೊಂದು ಮಂದಿ ನಿನ್ನ ಕಡೆ ಬಂದರು. ನನ್ನ ಕೈ ಮಾತ್ರ ರನಿಟ್‌ಗೇ ಎದ್ದಿತು. ತಪ್ಪು ಒಪ್ಪಿಕೊಂಡೆ, ಮತ ಬದಲಿಸಿಲ್ಲ.

ಪೇಡೆ ನಿನ್ನ ಹೆಸರಿನಲ್ಲಿ ಹಂಚಿದೆ. ನಿನಗೆ ಒಂದೂ ಉಳಿದಿಲ್ಲ. ಬರುವ ತಿಂಗಳು ನಾಲ್ಕೂ ತಾಲೂಕಿನ ವಾಚನಾಲಯಗಳಿಗೆ ನಿನ್ನ ಆವೃತ್ತಿಯೇ ಹೋಗುತ್ತದೆ. ನಮ್ಮ ಹೊಳೆಯ ಬಗ್ಗೆ, ಡೋಣಿ ಹರಿದರೆ ಓಣಿಯೆಲ್ಲ ಜೋಳ ಎನ್ನುತ್ತಾರಲ್ಲ, ಈ ಡೋಣಿಯೂ ಈಗ ಹರಿಯುತ್ತದೆ. ಹರಿಸಲು ನೀನು ಬೇಕು. ನೀನಿಲ್ಲದೆ ಜಗಳವಾಡಲೂ ಬೇಜಾರಾಗಿದೆ.

ಸಂಕ್ರಾಂತಿಗೆಂದು ಅವ್ವ ಕೊಟ್ಟ ಕುಸುರೆಳ್ಳು ಜೊತೆಗಿದೆ. ನಿಮ್ಮಮ್ಮ ತುಳಸೀಬಾಯಿಯವರಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಸೋತ ಗೆಳತಿ,
ಸುರೇಖಾ

ತಾ.ಕ.: ನೀರು ಕುಡಿಯಲು ಹೋದದ್ದು ಸುಳ್ಳು. ‘ಆರಿಸು’ ನನ್ನ ಪದ. ಕಳೆದ ಯುಗಾದಿಗೆ ನಿಮ್ಮ ಮನೆಗೆ ಬಂದಾಗ, ನೀನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ, ನಾನು ನಿನ್ನ ಲ್ಯಾಪ್‌ಟಾಪಿನಲ್ಲಿ ಕೂತು ಕನ್ನಡ ತುಂಬಿದೆ. ಅದಕ್ಕೇ ದಾಖಲೆಯಲ್ಲಿ ನಿನ್ನ ಹೆಸರು. ಮರಾಠಿಯವಳ ಕನ್ನಡ ಎಂದು ಅವರು ನಕ್ಕಾಗ, ಹುಟ್ಟಾ ಕನ್ನಡದವಳಾದ ನಾನು ಬಾಗಿಲ ಹೊರಗೆ ನಿಂತಿದ್ದೆ. ಆಗ ಹೇಳಲು ಧೈರ್ಯ ಬರಲಿಲ್ಲ. ಇಂದು ಬೆಳಿಗ್ಗೆ ಹದಿನಾರು ಮಂದಿಗೂ ನನ್ನ ಹೆಸರು ಹಾಕಿಯೇ ಬರೆದು ಕಳಿಸಿದ್ದೇನೆ. ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ಅವರೆಲ್ಲ ನನ್ನ ಕನ್ನಡಕ್ಕೆ ನಕ್ಕು ಮುಗಿಸಿರುತ್ತಾರೆ. ನಿನಗೆ ದೊಡ್ಡ ಉತ್ತರ ಬರೆಯಲು ಮನಸ್ಸಿಲ್ಲದಿದ್ದರೆ ಬೇಡ. ಒಂದು ಹೂಂ ಸಾಕು.