ಖಾಲಿ ಬಿಟ್ಟರೆ ‘ಇಲ್ಲ’

ಜುಲೈ ೧೪
ಶಾಲೆಯ ಸ್ಟಾಫ್ ರೂಮು

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಬೈಯುವುದಾದರೆ ಸರ್ಕಾರವನ್ನು ಬೈ, ನನ್ನನ್ನಲ್ಲ.

ಮಕ್ಕಳ ಮನಸ್ಸಿಗಾದ ಗಾಯ ಗುರುತಿಸಿ ಅವರನ್ನು ಗಟ್ಟಿ ಮಾಡುವ ಹೊಸ ಯೋಜನೆ ಬಂದಿದೆ. ಎರಡು ದಿನದ ತರಬೇತಿ, ಒಂದು ಟ್ಯಾಬು, ಹದಿನೆಂಟು ಪ್ರಶ್ನೆ. ಮಗುವಿಗೆ ಏಳೇ ನಿಮಿಷ. ‘ಮನೆಯಲ್ಲಿ ನಿನಗೆ ಭಯವಾಗುತ್ತದೆಯೇ?’ ಎಂದು ನಾನು ಕೇಳುವುದು, “ಟೀಚರ್, ಒಂದಕ್ಕೆ ಹೋಗ್ಲಾ?” ಎಂದು ಅದು ಎದ್ದು ನಿಲ್ಲುವುದು. ತಲೆ ಚಿಟ್ಟು ಹಿಡಿದುಹೋಗಿದೆ.

ಯೋಜನೆಯೇನೋ ಒಳ್ಳೆಯದೇ. ‘ಹೌದು’ ಎಂದ ಮಗುವಿಗಾಗಿ ವಾರಕ್ಕೊಮ್ಮೆ ಆಪ್ತಸಮಾಲೋಚಕಿ ಬರುತ್ತಾರೆ. ಆದರೆ ಉತ್ತರ ಖಾಲಿ ಬಿಟ್ಟರೆ ಆ ಹಾಳು ಟ್ಯಾಬು ತಾನೇ ‘ಇಲ್ಲ’ ಎಂದು ತುಂಬಿಕೊಳ್ಳುತ್ತದೆ! ಮೂರನೇ ತರಗತಿಯಲ್ಲಿ ಒಬ್ಬಳಿದ್ದಾಳೆ, ಗುಬ್ಬಿ ಎನ್ನುತ್ತೇವೆ. ಮನೆಗೆ ಬೆಂಕಿ ಬಿದ್ದು ತಮ್ಮ ತೀರಿಹೋದ ದಿನದಿಂದ ಮಾತು ಬಿಟ್ಟಿದ್ದಾಳೆ. ಹದಿನೆಂಟಕ್ಕೂ ಮೌನ, ಹದಿನೆಂಟೂ ‘ಇಲ್ಲ’. ಕೊನೆಗೆ ಪರದೆಯ ಮೇಲೆ ಬಂದದ್ದು ‘ತೊಂದರೆ ಇಲ್ಲ’. ನನಗೆ ಪಿತ್ತ ನೆತ್ತಿಗೇರಿತು. ಮೇಲ್ವಿಚಾರಕರಿಗೆ ಫೋನ್ ಮಾಡಿದೆ.

“ಮಗುನೇ ಬಾಯ್ಬಿಟ್ಟು ಹೇಳ್ಬೇಕು ಮೇಡಂ. ನೀವು ಹೇಳಿದ್ರೆ ಆಗಲ್ಲ.”

“ಅವಳು ಬಾಯಿ ಬಿಡ್ತಿಲ್ಲ ಅನ್ನೋದೇ ತೊಂದರೆ ಸಾರ್!”

“ಅದಕ್ಕೆ ಕಾಲಂ ಇಲ್ವಲ್ಲ.”

ಹಾಳಾಗಿ ಹೋಗಲಿ ಎಂದು ಹದಿನೆಂಟಕ್ಕೂ ನಾನೇ ‘ಹೌದು’ ಒತ್ತಿ ಕಳಿಸಿದೆ. ‘ನೀನು ಮದ್ಯ ಸೇವಿಸುತ್ತೀಯಾ?’ ಎಂಬುದಕ್ಕೂ! ಪಾಪ, ಎಂಟು ವರ್ಷದ ಕೂಸು.

ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ನನಗೆ ನೋಟಿಸು ಬಂತು. ಅದರ ಬೆನ್ನಿಗೇ ಸಮಾಲೋಚಕಿಯೂ ಬಂದರು. ಗುಬ್ಬಿ ಇನ್ನೂ ಮಾತಾಡಿಲ್ಲ. ಆದರೆ ಅವರ ಪಕ್ಕ ಒಂದು ಗಂಟೆ ಕೂತು ಬಣ್ಣ ಹಚ್ಚಿದಳು. ನನಗಷ್ಟು ಸಾಕು. ನೋಟಿಸಿಗೆ ಉತ್ತರ ಬರೆಯಲು ಕೂತವಳು ನಿನಗೆ ಬರೆಯುತ್ತಿದ್ದೇನೆ.

ಹೊತ್ತುಹೊತ್ತಿಗೆ ಊಟ ಮಾಡು. ನೂರು ಕಾಲ ತಣ್ಣಗಿರು, ಮಗಳೇ.

ನಿನ್ನ
ಅಮ್ಮ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಇಲ್ಲಿಗೆ ತಳ್ಳಿದ್ದು. ನಿನ್ನ ಅಪ್ಪ ನನ್ನ ಮೇಲೆ ಕೈ ಮಾಡಿದಾಗಲೆಲ್ಲ ನೀನು ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದೆ. ಮರುದಿನ ಜಡೆ ಹೆಣೆಯುತ್ತಾ ನಾನು “ಏನೂ ಆಗಿಲ್ಲ ಅಲ್ವಾ, ಪುಟ್ಟಿ?” ಎನ್ನುತ್ತಿದ್ದೆ. ನೀನು ತಲೆಯಾಡಿಸುತ್ತಿದ್ದೆ, ನಾನು ಶಾಲೆಗೆ ಹೊರಡುತ್ತಿದ್ದೆ. ಹಾಗೆ ಕೇಳಿದರೆ ಯಾವ ಮಗುವೂ ಹೇಳುವುದಿಲ್ಲ ಎಂದು ಮುನ್ನೂರು ಮಕ್ಕಳನ್ನು ಕೇಳಿದ ಮೇಲೆ ಗೊತ್ತಾಯಿತು. ಈಗ ಸರಿಯಾಗಿ ಕೇಳುತ್ತೇನೆ. ಮಂಚದ ಕೆಳಗೆ ನಿನಗೆ ಏನೇನು ಕೇಳಿಸುತ್ತಿತ್ತು?